ರೇಡಾರಿಗೆ ಬೇಡವಾದವರು, ಬಾಂಬಿಗೆ ಬೇಕಾದವರು

ಪ್ರಶ್ನೆ: ಎರಡನೆಯ ಮಹಾಯುದ್ಧದ ಅಣುಬಾಂಬಿನ ಕೆಲಸದಲ್ಲಿ ಹಿಟ್ಲರನ ಕಾಟಕ್ಕೆ ಊರುಬಿಟ್ಟು ಬಂದ ವಿಜ್ಞಾನಿಗಳೇ ಮುಂದಿದ್ದರೆಂದು ಓದಿದ್ದೇನೆ. ಶತ್ರುದೇಶದಲ್ಲಿ ಹುಟ್ಟಿದವರನ್ನು ಬ್ರಿಟನ್ ಅಷ್ಟು ಗುಟ್ಟಿನ ಕೆಲಸಕ್ಕೆ ಹೇಗೆ ಸೇರಿಸಿಕೊಂಡಿತು? ಅವರು ಬಾರದಿದ್ದರೆ ಬಾಂಬು ಆಗುತ್ತಲೇ ಇರಲಿಲ್ಲವೇ? ಅಥವಾ ಅದು ಜರ್ಮನಿಯ ಕೈಗೆ ಸಿಗುತ್ತಿತ್ತೇ? ಮ್ಯಾಕ್ಸ್ ಬಾರ್ನ್ ಕೆಲಕಾಲ ಬೆಂಗಳೂರಿನಲ್ಲಿದ್ದರೆಂದೂ ಕೇಳಿದ್ದೇನೆ. ಅವರಿಗೂ ಈ ಕಥೆಗೂ ಸಂಬಂಧವಿದೆಯೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯಿಂದಲೇ ಹೊರಡೋಣ, ಏಕೆಂದರೆ ಉಳಿದ ಪ್ರಶ್ನೆಗಳ ಗಂಟು ಇರುವುದೂ ಅಲ್ಲಿಯೇ. ಬ್ರಿಟನ್ ಈ ವಿಜ್ಞಾನಿಗಳನ್ನು ಗುಟ್ಟಿನ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ, ದೂರವೇ ಇಟ್ಟಿತು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ ಆ ದೇಶಕ್ಕೆ ಜೀವನ್ಮರಣದ ಪ್ರಶ್ನೆಯಾಗಿ ಕಂಡದ್ದು ರೇಡಾರ್. ಯುರೇನಿಯಮ್ಮಿನ ವಿಷಯ ಈ ಯುದ್ಧ ಮುಗಿಯುವುದರೊಳಗೆ ಯಾವ ಉಪಯೋಗಕ್ಕೂ ಬಾರದ, ಪ್ರಾಧ್ಯಾಪಕರ ಕುತೂಹಲಕ್ಕೆ ಬಿಟ್ಟ ವಿಷಯವೆಂದೇ ಬಹುಮಂದಿ ತಿಳಿದಿದ್ದರು. ಆದ್ದರಿಂದ ಬ್ರಿಟನ್ನಿನ ಭೌತವಿಜ್ಞಾನಿಗಳು ಸಾಲುಸಾಲಾಗಿ ರೇಡಾರಿಗೆ ಹೋದರು. ಜರ್ಮನಿ, ಆಸ್ಟ್ರಿಯಾಗಳಿಂದ ಬಂದವರಿಗೆ ಆ ಬಾಗಿಲು ಮುಚ್ಚಿತ್ತಾದ್ದರಿಂದ ಅವರ ಪಾಲಿಗೆ ಉಳಿದದ್ದು ಯಾರೂ ಗುಟ್ಟೆಂದು ಭಾವಿಸದಿದ್ದ ಯುರೇನಿಯಂ. ಹೊರಗೆ ನಿಲ್ಲಿಸಿದ್ದೇ ಅವರನ್ನು ಬಾಂಬಿನ ಬಳಿಗೆ ಒಯ್ದಿತು. ಇದು ಮಾತಿನ ಚಮತ್ಕಾರವಲ್ಲ. ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಒಂದೇ ಭೌತವಿಜ್ಞಾನ ವಿಭಾಗದಲ್ಲಿ, 1940ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ನಡೆದದ್ದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಅದಕ್ಕೆ ಮೊದಲು ಇವರು ಬಂದ ಬಗೆಯನ್ನು ಚುಟುಕಾಗಿ ಹೇಳಬೇಕು. 1933ರ ಏಪ್ರಿಲ್ 7ರಂದು ನಾಜಿ ಸರ್ಕಾರ ನಾಗರಿಕ ಸೇವೆಯನ್ನು 'ಪುನಃಸ್ಥಾಪಿಸುವ' ಕಾಯಿದೆಯೊಂದನ್ನು ತಂದಿತು. ಜರ್ಮನಿಯಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರೂ ಸರ್ಕಾರಿ ನೌಕರರೇ ಆದ್ದರಿಂದ, ಯೆಹೂದಿ ಮೂಲದವರೆಂಬ ಒಂದೇ ಕಾರಣಕ್ಕೆ ಅವರನ್ನು ಹುದ್ದೆಯಿಂದ ತೆಗೆಯಲು ಈ ಕಾಯಿದೆ ದಾರಿ ಮಾಡಿತು. ಕ್ವಾಂಟಂ ಭೌತಶಾಸ್ತ್ರದ ತವರೆನಿಸಿದ್ದ ಗಟಿಂಗೆನ್‌ನಲ್ಲಿ ಮ್ಯಾಕ್ಸ್ ಬಾರ್ನ್ ಅವರನ್ನು ಅದೇ ತಿಂಗಳು ಅಮಾನತಿನಲ್ಲಿಟ್ಟರು. ಮೊದಲ ಮಹಾಯುದ್ಧದಲ್ಲಿ ರಣರಂಗದಲ್ಲಿ ಹೋರಾಡಿದವರಿಗೆ ಆರಂಭದಲ್ಲಿ ವಿನಾಯಿತಿ ಇತ್ತು. ನೊಬೆಲ್ ಪುರಸ್ಕೃತ ಜೇಮ್ಸ್ ಫ್ರಾಂಕ್ ಆ ವಿನಾಯಿತಿಗೆ ಅರ್ಹರಾಗಿದ್ದರೂ ಅದನ್ನು ಪಡೆಯಲೊಪ್ಪದೆ ತಾವಾಗಿಯೇ ರಾಜೀನಾಮೆ ಕೊಟ್ಟರು. ಬ್ರೆಸ್ಲೌನಲ್ಲಿದ್ದ ಫ್ರಾನ್ಸಿಸ್ ಸೈಮನ್ ಅದೇ ಯುದ್ಧದಲ್ಲಿ ಜರ್ಮನಿಯ ಪರವಾಗಿ ಕಾದಾಡಿ ಕಬ್ಬಿಣದ ಶಿಲುಬೆಯ ಪದಕ ಪಡೆದವರು. ಆದರೆ ಆ ರಕ್ಷಣೆ ಹೆಚ್ಚು ದಿನ ಬಾಳುವುದಿಲ್ಲವೆಂದು ಊಹಿಸಿ ಅವರೂ ಹೊರಟರು. ಬ್ರಿಟನ್ನಿನಲ್ಲಿ ವಿಲಿಯಂ ಬೆವರಿಜ್ ಮುಂತಾದವರು ಅದೇ ಮೇ ತಿಂಗಳಲ್ಲಿ ವಿದ್ವಾಂಸರ ನೆರವಿನ ಮಂಡಳಿಯೊಂದನ್ನು ಕಟ್ಟಿದರು. ರದರ್‌ಫರ್ಡ್ ಅದರ ಅಧ್ಯಕ್ಷರಾದರು. ಆಕ್ಸ್‌ಫರ್ಡಿನ ಲಿಂಡೆಮನ್ ತಾವೇ ಜರ್ಮನಿಗೆ ಹೋಗಿ, ಐಸಿಐ ರಾಸಾಯನಿಕ ಕಂಪನಿಯ ಹಣದಿಂದ ಸೈಮನ್ ಅವರನ್ನೂ ಅವರ ಜೊತೆಗಾರರನ್ನೂ ತಮ್ಮ ಪ್ರಯೋಗಾಲಯಕ್ಕೆ ಕರೆತಂದರು. ಇದರಲ್ಲಿ ಮಾನವೀಯತೆಯೂ ಇತ್ತು, ಲೆಕ್ಕಾಚಾರವೂ ಇತ್ತು. ಎಷ್ಟು ಪಾಲು ಯಾವುದು ಎಂದು ಅಳೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಈಗ ಬರ್ಮಿಂಗ್‌ಹ್ಯಾಂಗೆ ಬರೋಣ. ಅಲ್ಲಿನ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರು ಆಸ್ಟ್ರೇಲಿಯದ ಮಾರ್ಕ್ ಓಲಿಫಂಟ್. 1937ರಿಂದ ಅಲ್ಲಿ ಪ್ರಾಧ್ಯಾಪಕರಾಗಿದ್ದ ರುಡಾಲ್ಫ್ ಪೈಯರ್ಲ್ಸ್ ಬರ್ಲಿನ್ನಿನವರು. 1933ರಲ್ಲಿ ಸಂಶೋಧನಾ ವೇತನದ ಮೇಲೆ ವಿದೇಶದಲ್ಲಿದ್ದವರು ಮತ್ತೆ ಊರಿಗೆ ಹೋಗಲಿಲ್ಲ. ಆಟೋ ಫ್ರಿಶ್ ವಿಯೆನ್ನಾದವರು. ಹ್ಯಾಂಬರ್ಗಿನಲ್ಲಿ ಕೆಲಸ ಕಳೆದುಕೊಂಡು, ಲಂಡನ್ನಿನಲ್ಲಿ ಒಂದು ವರ್ಷ, ಕೋಪನ್‌ಹೇಗನ್ನಿನಲ್ಲಿ ನೀಲ್ಸ್ ಬೋರ್ ಅವರ ಬಳಿ ಐದು ವರ್ಷ ಕಳೆದು, 1939ರ ಬೇಸಿಗೆಯಲ್ಲಿ ಓಲಿಫಂಟರನ್ನು ಕಾಣಲು ಬಂದವರು ಯುದ್ಧ ಶುರುವಾದ್ದರಿಂದ ಅಲ್ಲೇ ಉಳಿದರು. ಹಾಗೆ ನೋಡಿದರೆ ಯುರೇನಿಯಂ ವಿದಳನದ ವಿಷಯದಲ್ಲಿ ಫ್ರಿಶ್ ಸಾಮಾನ್ಯರಲ್ಲ. 1938ರ ಕ್ರಿಸ್‌ಮಸ್ ರಜೆಯಲ್ಲಿ ಸ್ವೀಡನ್ನಿನ ಕುಂಗೆಲ್ವ್ ಎಂಬ ಊರಿನಲ್ಲಿ, ಆ ವರ್ಷವಷ್ಟೇ ಬರ್ಲಿನ್ನಿನಿಂದ ತಪ್ಪಿಸಿಕೊಂಡು ಬಂದಿದ್ದ ತಮ್ಮ ಚಿಕ್ಕಮ್ಮ ಲೀಸ ಮೈಟ್ನರ್ ಜೊತೆ ಹಿಮದಲ್ಲಿ ನಡೆಯುತ್ತಾ, ಪರಮಾಣುವಿನ ಬೀಜ ಎರಡಾಗಿ ಒಡೆದರೆ ಎಷ್ಟು ಶಕ್ತಿ ಹೊಮ್ಮುತ್ತದೆಂದು ಮೊದಲು ಲೆಕ್ಕ ಹಾಕಿದವರು ಇವರಿಬ್ಬರೇ.

ಅದೇ ವಿಭಾಗದಲ್ಲಿ ರ‍್ಯಾಂಡಲ್ ಮತ್ತು ಬೂಟ್ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರು 1940ರ ಫೆಬ್ರವರಿಯಲ್ಲಿ ಕ್ಯಾವಿಟಿ ಮ್ಯಾಗ್ನೆಟ್ರಾನ್ ಎಂಬ ಸಾಧನವನ್ನು ಮೊದಲ ಬಾರಿಗೆ ನಡೆಸಿದರು. ಅಂಗೈ ಅಗಲದ ತಾಮ್ರದ ಗಟ್ಟಿಯಲ್ಲಿ ಕೊರೆದ ರಂಧ್ರಗಳಿಂದ ಬಲವಾದ ಕಿರುತರಂಗಗಳನ್ನು ಹೊರಡಿಸುವ ಈ ಸಾಧನ, ವಿಮಾನದೊಳಗೇ ಕೂರಿಸಬಹುದಾದ ಸಣ್ಣ ರೇಡಾರಿಗೆ ಜೀವಾಳವಾಯಿತು. ಫ್ರಿಶ್ ಮತ್ತು ಪೈಯರ್ಲ್ಸ್ ಅದೇ ಕಟ್ಟಡದಲ್ಲಿ ಓಡಾಡುತ್ತಿದ್ದರೂ ಇದು ಅವರಿಗೆ ತಿಳಿಯಬಾರದಿತ್ತು. ಆದರೆ ಓಲಿಫಂಟರಿಗೆ ಸೈದ್ಧಾಂತಿಕ ಲೆಕ್ಕ ಬೇಕಾದಾಗಲೆಲ್ಲ ಅವರು ಪೈಯರ್ಲ್ಸ್ ಬಳಿಗೇ ಬರುತ್ತಿದ್ದರು. ಲೋಹದ ಗೋಡೆಗಳ ನಡುವೆ ವಿದ್ಯುತ್ಕಾಂತ ತರಂಗಗಳು ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದನ್ನು ಪರೀಕ್ಷೆಯ ಪ್ರಶ್ನೆಯಂತೆ, ಎಲ್ಲಿಗೂ ಸಂಬಂಧಿಸದ ಸಮಸ್ಯೆಯಂತೆ ಮುಂದಿಡುತ್ತಿದ್ದರು. ಪೈಯರ್ಲ್ಸರಿಗೆ ಇದು ಯಾತಕ್ಕೆಂದು ತಿಳಿದಿತ್ತು; ಅವರಿಗೆ ತಿಳಿದಿದೆಯೆಂದು ಓಲಿಫಂಟರಿಗೂ ತಿಳಿದಿತ್ತು; ಇಬ್ಬರೂ ಬಾಯಿ ಬಿಡಲಿಲ್ಲ. ಕಾನೂನಿನ ಅಕ್ಷರ ಉಳಿಯಿತು, ಕೆಲಸವೂ ನಡೆಯಿತು.

ಫ್ರಿಶ್ ಕೈಯಲ್ಲಿ ಮಾತ್ರ ಸಮಯವಿತ್ತು. ಆಗ ವಿಜ್ಞಾನಿಗಳಲ್ಲಿ ಬೇರೂರಿದ್ದ ಅಭಿಪ್ರಾಯ ಹೀಗಿತ್ತು: ನಿಸರ್ಗದಲ್ಲಿ ಸಿಗುವ ಯುರೇನಿಯಮ್ಮಿನಲ್ಲಿ ಸುಲಭವಾಗಿ ಒಡೆಯುವ 235 ಎಂಬ ಹಗುರ ಬಗೆಯ ಪಾಲು ಶೇಕಡಾ 0.7 ಮಾತ್ರ, ಉಳಿದ, ತುಸು ಭಾರದ 238 ಎಂಬ ಬಗೆ ನ್ಯೂಟ್ರಾನುಗಳನ್ನು ನುಂಗಿಹಾಕುತ್ತದೆ, ಆದ್ದರಿಂದ ಒಂದು ಬೀಜ ಒಡೆದಾಗ ಹೊಮ್ಮುವ ನ್ಯೂಟ್ರಾನುಗಳು ಮುಂದಿನ ಬೀಜಗಳನ್ನು ಒಡೆಯುತ್ತಾ ಹೋಗುವ ಸರಪಳಿ ಕ್ರಿಯೆ ನಡೆಸಬೇಕಾದರೆ ನ್ಯೂಟ್ರಾನುಗಳ ವೇಗ ತಗ್ಗಿಸಬೇಕು, ವೇಗ ತಗ್ಗಿದರೆ ಸ್ಫೋಟ ದುರ್ಬಲವಾಗುತ್ತದೆ. ಪ್ಯಾರಿಸ್ಸಿನ ಫ್ರಾನ್ಸಿಸ್ ಪೆರ‍್ಯಾಂ 1939ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಬೇಕಾಗುವ ಯುರೇನಿಯಂ ಹತ್ತಾರು ಟನ್. ಅದನ್ನು ಯಾವ ವಿಮಾನವೂ ಹೊರಲಾರದು. ಫ್ರಿಶ್ ಕೂಡ ರಾಸಾಯನಿಕ ಸಂಘದ ವಾರ್ಷಿಕ ವರದಿಗೆ ಬರೆದ ಲೇಖನದಲ್ಲಿ ಬಾಂಬು ಸಾಧ್ಯವಾಗದೆಂದೇ ಬರೆದಿದ್ದರು. ಬರೆದ ಮೇಲೆ ಅವರಿಗೆ ಸಂಶಯ ಕಾಡಿತು. 238ನ್ನು ಪೂರ್ತಿ ತೆಗೆದುಹಾಕಿ, ಬರೀ 235ನ್ನೇ ಒಂದುಗೂಡಿಸಿದರೆ? ಆಗ ನ್ಯೂಟ್ರಾನುಗಳ ವೇಗ ತಗ್ಗಿಸುವ ಅಗತ್ಯವೇ ಇಲ್ಲ. ಎಷ್ಟು ಬೇಕಾದೀತು?

ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಈ ಒಂದು ಪ್ರಶ್ನೆಯಲ್ಲಿದೆ. ಉತ್ತರಿಸಲು ಬೇಕಾದ ಸಾಮಗ್ರಿ ಲೋಕದ ಹತ್ತಾರು ಭೌತವಿಜ್ಞಾನಿಗಳ ಬಳಿ ಇತ್ತು; ಕ್ರಾಂತಿಕ ದ್ರವ್ಯರಾಶಿಯ, ಅಂದರೆ ಸರಪಳಿ ಕ್ರಿಯೆ ತಾನಾಗಿ ಮುಂದುವರಿಯಲು ಬೇಕಾದ ಕನಿಷ್ಠ ಪ್ರಮಾಣದ, ಸೂತ್ರವನ್ನು ಪೈಯರ್ಲ್ಸ್ ಅದಾಗಲೇ ತಿದ್ದಿ ಪ್ರಕಟಿಸಿಯೂ ಇದ್ದರು. ಇಬ್ಬರೂ ಕೂತು ಸಂಖ್ಯೆಗಳನ್ನು ತುಂಬಿದಾಗ ಬಂದ ಉತ್ತರ ಟನ್ನುಗಳಲ್ಲಿರಲಿಲ್ಲ. ಸುಮಾರು 600 ಗ್ರಾಂ ಎಂದು ಬಂತು! ಈ ಉತ್ತರ ತಪ್ಪು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ವೇಗದ ನ್ಯೂಟ್ರಾನು 235ರ ಬೀಜವನ್ನು ಒಡೆಯುವ ಸಂಭವವನ್ನು ಅವರು ನಿಜಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಹಿಡಿದಿದ್ದರು. ಅಳೆದು ನೋಡಲು ಶುದ್ಧ 235 ಆಗ ಯಾರ ಬಳಿಯೂ ಇರಲಿಲ್ಲ. ಸುತ್ತ ಯಾವ ಹೊದಿಕೆಯೂ ಇಲ್ಲದ ಶುದ್ಧ ಗೋಳಕ್ಕೆ ಬೇಕಾಗುವುದು ಸುಮಾರು 50 ಕಿಲೋ, ಹಿರೋಷಿಮಾದ ಬಾಂಬಿನಲ್ಲಿದ್ದದ್ದು ಸುಮಾರು 64 ಕಿಲೋ ಯುರೇನಿಯಂ. ಆದರೂ ತಪ್ಪು ಸಂಖ್ಯೆ ಸರಿಯಾದ ದಿಕ್ಕನ್ನು ತೋರಿಸಿತು: ಬಾಂಬು ಹತ್ತಾರು ಟನ್ ತೂಗಬೇಕಿಲ್ಲ, ಒಂದು ವಿಮಾನದಲ್ಲಿ ಒಯ್ಯಬಹುದು. ಒಂದೊಂದು ಸಲ ಯೋಚಿಸುತ್ತೇನೆ, ಅವರಿಗೆ ಮೊದಲಿಗೇ 50 ಕಿಲೋ ಎಂಬ ಉತ್ತರ ಬಂದಿದ್ದರೆ ಕಾಗದವನ್ನು ಮಡಚಿಟ್ಟು ಸುಮ್ಮನಾಗುತ್ತಿದ್ದರೇನೋ.

ಇವರು 1940ರ ಮಾರ್ಚಿನಲ್ಲಿ ಬರೆದ ಟಿಪ್ಪಣಿಯಲ್ಲಿ ಎರಡು ಭಾಗಗಳಿದ್ದವು. ಗುಟ್ಟು ಬೆರಳಚ್ಚುಗಾರರಿಗೂ ತಿಳಿಯಬಾರದೆಂದು ಪೈಯರ್ಲ್ಸ್ ತಾವೇ ಟೈಪ್ ಮಾಡಿದರು. ಒಂದು ಭಾಗ ತಾಂತ್ರಿಕ ಲೆಕ್ಕ. ಇನ್ನೊಂದು ಆಡಳಿತಗಾರರಿಗಾಗಿ ಸರಳ ಮಾತಿನಲ್ಲಿ ಬರೆದದ್ದು. ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಈ ಎರಡನೆಯ ಭಾಗ. 5 ಕಿಲೋ ತೂಕದ ಬಾಂಬು ಹಲವು ಸಾವಿರ ಟನ್ ಡೈನಮೈಟಿಗೆ ಸಮನಾಗುತ್ತದೆ. ಅದರ ವಿಕಿರಣ ಗಾಳಿಯೊಡನೆ ಹರಡಿ, ಸ್ಫೋಟದ ಜಾಗದಿಂದ ದೂರ ಇರುವವರನ್ನೂ ಕೊಲ್ಲುತ್ತದೆ. ಇದನ್ನು ತಡೆಯುವ ಆಶ್ರಯ ಯಾವುದೂ ಇರಲಾರದು. ಜರ್ಮನಿಯಲ್ಲಿಯೂ ಇದು ತಯಾರಾಗುತ್ತಿರಬಹುದು. ಹಾಗಾದಲ್ಲಿ ನಮ್ಮ ಬಳಿಯೂ ಇಂಥದೇ ಇದೆ ಎಂಬ ಬೆದರಿಕೆಯೊಂದೇ ಉತ್ತರ. ಅಪಾರ ಸಂಖ್ಯೆಯ ನಾಗರಿಕರನ್ನು ಕೊಲ್ಲದೆ ಇದನ್ನು ಬಳಸುವುದು ಬಹುಶಃ ಸಾಧ್ಯವಾಗದ ಕಾರಣ ಈ ದೇಶ ಬಳಸಲು ಇದು ತಕ್ಕ ಆಯುಧವಲ್ಲದಿರಬಹುದು. ಹಿರೋಷಿಮಾಕ್ಕೆ ಐದು ವರ್ಷ ಮೊದಲು, ಕೆಲವೇ ಹಾಳೆಗಳಲ್ಲಿ, ಇಬ್ಬರು ವಲಸಿಗರು ಶೀತಲ ಸಮರದ ತರ್ಕವನ್ನೂ ಅದರ ನೈತಿಕ ತೊಡಕನ್ನೂ ಬರೆದಿಟ್ಟಿದ್ದರು.

ಓಲಿಫಂಟ್ ಇದನ್ನು ಸರ್ಕಾರದ ವಿಜ್ಞಾನ ಸಲಹೆಗಾರ ಹೆನ್ರಿ ಟಿಜಾರ್ಡ್ ಅವರಿಗೆ ಕಳಿಸಿದರು, ಜಿ. ಪಿ. ಥಾಮ್ಸನ್ ಅಧ್ಯಕ್ಷತೆಯ ಸಮಿತಿಯೊಂದು ಏಪ್ರಿಲಿನಲ್ಲಿ ಸೇರಿತು. ಅದಕ್ಕೆ ಇಟ್ಟ ಹೆಸರು ಮಾಡ್. ಡೆನ್ಮಾರ್ಕ್ ಜರ್ಮನಿಯ ವಶವಾದ ಮೇಲೆ ಬೋರ್ ಕುಟುಂಬದ ಕ್ಷೇಮ ತಿಳಿಸಿ ಬಂದ ತಂತಿಯೊಂದರ ಕೊನೆಯಲ್ಲಿ 'ಮಾಡ್ ರೇ ಕೆಂಟ್' ಎಂಬ ಅರ್ಥವಾಗದ ಪದಗಳಿದ್ದವು. ಯುರೇನಿಯಮ್ಮಿಗೋ ರೇಡಿಯಮ್ಮಿಗೋ ಸಂಬಂಧಿಸಿದ ಸಂಕೇತವಿರಬೇಕೆಂದು ಘಟಾನುಘಟಿಗಳೆಲ್ಲ ತಲೆ ಕೆಡಿಸಿಕೊಂಡರು. ಕೊನೆಗೆ ನೋಡಿದರೆ ಮಾಡ್ ರೇ ಎಂಬುವರು ಬೋರ್ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಂಗ್ಲ ಮಹಿಳೆ, ಕೆಂಟ್ ಅವರ ಊರಿದ್ದ ಪ್ರಾಂತ! ಇರಲಿ. ಮುಖ್ಯ ವಿಷಯವೆಂದರೆ, ಯಾರ ಟಿಪ್ಪಣಿಯಿಂದ ಆ ಸಮಿತಿ ಹುಟ್ಟಿತೋ ಅವರಿಗೇ ಅದರಲ್ಲಿ ಜಾಗವಿರಲಿಲ್ಲ. ತಾವೇ ಬರೆದ ವಿಷಯದ ಮುಂದಿನ ಕೆಲಸ ಅವರಿಗೆ ಗುಟ್ಟಾಗಿಬಿಟ್ಟಿತ್ತು. ಪ್ರಶ್ನೆಗಳಿಗೆ ಉತ್ತರ ಈಗಾಗಲೇ ನಮ್ಮ ಬಳಿ ಇರಬಹುದು, ನಮ್ಮನ್ನೇ ಕೇಳದಿದ್ದರೆ ಹೇಗೆ ಎಂಬರ್ಥದಲ್ಲಿ ಪೈಯರ್ಲ್ಸ್ ಪತ್ರ ಬರೆದ ಮೇಲೆ, ಅವರಂಥವರಿಗಾಗಿ ತಾಂತ್ರಿಕ ಉಪಸಮಿತಿಯೊಂದನ್ನು ಮಾಡಿ ದಾರಿ ತೆಗೆದರು. ಪೈಯರ್ಲ್ಸರಿಗೆ 1940ರ ಆರಂಭದಲ್ಲಿ ಬ್ರಿಟಿಷ್ ಪೌರತ್ವ ಸಿಕ್ಕಿತ್ತು. ಫ್ರಿಶ್ ಮಾತ್ರ ಶತ್ರುದೇಶದ ಪ್ರಜೆಯಾಗಿಯೇ ಲಿವರ್‌ಪೂಲಿಗೆ ಹೋಗಿ ಚಾಡ್‌ವಿಕ್ ಅವರ ಪ್ರಯೋಗಾಲಯದಲ್ಲಿ ಬಾಂಬಿನ ಕೆಲಸ ಮುಂದುವರಿಸಿದರು. ರಾತ್ರಿ ಹೊರಗಿರಲು, ಸೈಕಲ್ ಇಟ್ಟುಕೊಳ್ಳಲು ಪೊಲೀಸರ ಅಪ್ಪಣೆ ಬೇಕಿದ್ದ ಕಾಲವದು.

235ನ್ನು 238ರಿಂದ ಬೇರ್ಪಡಿಸುವುದು ಹೇಗೆ ಎಂಬ ಪ್ರಶ್ನೆ ಆಕ್ಸ್‌ಫರ್ಡಿನ ಸೈಮನ್ ಅವರ ಪಾಲಿಗೆ ಬಂತು. ರಾಸಾಯನಿಕವಾಗಿ ಎರಡೂ ಒಂದೇ. ವ್ಯತ್ಯಾಸ ತೂಕದಲ್ಲಿ ಮಾತ್ರ. ಯುರೇನಿಯಮ್ಮನ್ನು ಫ್ಲೋರಿನ್ ಜೊತೆ ಕೂಡಿಸಿ ಅನಿಲ ಮಾಡಿ, ಅತಿ ಸಣ್ಣ ರಂಧ್ರಗಳ ಪರದೆಯ ಮೂಲಕ ಹಾಯಿಸಿದರೆ ಹಗುರವಾದ ಅಣುಗಳು ತುಸು ಬೇಗ ದಾಟುತ್ತವೆ. ತುಸು ಎಂದರೆ ಸಾವಿರಕ್ಕೆ ನಾಲ್ಕು ಪಾಲಿನಷ್ಟು. ಆದ್ದರಿಂದ ಒಂದು ಪರದೆಯಿಂದ ಏನೂ ಆಗದು, ಸಾವಿರಾರು ಹಂತಗಳು ಬೇಕು. ಪರದೆ ಎಲ್ಲಿಂದ ತರುವುದು? ಸೈಮನ್ ಅಡುಗೆಮನೆಯ ಸೋಸುವ ಜರಡಿಯೊಂದನ್ನು ತಂದು, ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದರು. ಬಡಿದಾಗ ತಂತಿಗಳು ಹರಡಿಕೊಂಡು ನಡುವಣ ಕಿಂಡಿಗಳು ಕಿರಿದಾದವು. ಯುರೇನಿಯಂ ಅನಿಲದ ಬದಲಿಗೆ ಇಂಗಾಲದ ಡೈಆಕ್ಸೈಡನ್ನೂ ನೀರಾವಿಯನ್ನೂ ಬೆರೆಸಿ ಅದರ ಮೂಲಕ ಹಾಯಿಸಿ, ಬೇರ್ಪಡುವುದೆಂದು ತೋರಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕೊಟ್ಟ ವರದಿಯಲ್ಲಿ ದಿನಕ್ಕೆ 1 ಕಿಲೋ 235 ತಯಾರಿಸುವ ಕಾರ್ಖಾನೆಯ ನಕ್ಷೆಯೂ ಇತ್ತು, ಸುಮಾರು 50 ಲಕ್ಷ ಪೌಂಡ್ ವೆಚ್ಚದ ಅಂದಾಜೂ ಇತ್ತು. ನಿಜವಾದ ವೆಚ್ಚ ಇದಕ್ಕಿಂತ ಬಹಳ ಹೆಚ್ಚೆಂದು ಆಮೇಲೆ ಗೊತ್ತಾಯಿತು. ಆದರೆ ಅಮೆರಿಕದ ಓಕ್ ರಿಜ್‌ನಲ್ಲಿ ಮುಂದೆ ಎದ್ದ, ಒಂದೊಂದು ತೋಳೂ ಅರ್ಧ ಮೈಲಿ ಉದ್ದದ ಕಾರ್ಖಾನೆ ನಡೆದದ್ದು ಇದೇ ತತ್ತ್ವದ ಮೇಲೆ.

ಪ್ಯಾರಿಸ್ಸಿನಿಂದ ಬಂದ ಭೌತವಿಜ್ಞಾನಿಗಳಾದ ಹಾಲ್ಬನ್ ಮತ್ತು ಕೊವಾರ್ಸ್ಕಿ ಅವರದು ಇನ್ನೊಂದು ಎಳೆ. ನ್ಯೂಟ್ರಾನುಗಳ ವೇಗ ತಗ್ಗಿಸಲು ನಾರ್ವೆಯಿಂದ ತಂದಿದ್ದ 185 ಕಿಲೋ ಭಾರಜಲ ಆಗ ಲೋಕದಲ್ಲಿದ್ದ ದಾಸ್ತಾನಿನಲ್ಲಿ ಹೆಚ್ಚುಕಡಿಮೆ ಪೂರ್ತಿ. 1940ರ ಜೂನಿನಲ್ಲಿ ಫ್ರಾನ್ಸ್ ಕುಸಿಯುತ್ತಿದ್ದಾಗ ಇಬ್ಬರೂ ಅದನ್ನು ಬೋರ್ಡೊ ಬಂದರಿನಿಂದ ಬ್ರೂಂಪಾರ್ಕ್ ಎಂಬ ಕಲ್ಲಿದ್ದಲಿನ ಹಡಗಿನಲ್ಲಿ ಇಂಗ್ಲೆಂಡಿಗೆ ತಂದರು. ಕೆಲಕಾಲ ಅದನ್ನು ಲಂಡನ್ನಿನ ಒಂದು ಸೆರೆಮನೆಯಲ್ಲಿ ಇರಿಸಿದ್ದರು. ಆ ತಿಂಗಳು ಬೇರೆ ಜಾಗಗಳಲ್ಲಿ ಕೂಡಿಟ್ಟದ್ದು ಮನುಷ್ಯರನ್ನು.

1940ರ ಮೇ, ಜೂನ್ ತಿಂಗಳುಗಳಲ್ಲಿ, ಜರ್ಮನ್ ಸೇನೆ ಕಡಲಾಚೆ ಬಂದು ನಿಂತಿದ್ದ ದಿಗಿಲಿನಲ್ಲಿ, ಬ್ರಿಟನ್ ತನ್ನ ನೆಲದಲ್ಲಿದ್ದ ಜರ್ಮನ್, ಆಸ್ಟ್ರಿಯನ್, ಇಟಾಲಿಯನ್ ಮೂಲದ ಸುಮಾರು 27,000 ಜನರನ್ನು ಹಿಡಿದು ಶಿಬಿರಗಳಲ್ಲಿಟ್ಟಿತು. ಅವರಲ್ಲಿ ಬಹುಪಾಲು ನಾಜಿಗಳಿಂದ ತಪ್ಪಿಸಿಕೊಂಡು ಬಂದವರೇ. ಇಂಥವರನ್ನು ಕೆನಡಾಕ್ಕೆ ಒಯ್ಯುತ್ತಿದ್ದ ಅರಂಡೋರಾ ಸ್ಟಾರ್ ಎಂಬ ಹಡಗನ್ನು ಜುಲೈ 2ರಂದು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿದಾಗ 800ಕ್ಕೂ ಹೆಚ್ಚು ಮಂದಿ ಸತ್ತರು. ಮುಂದೆ ಹಿಮೋಗ್ಲೋಬಿನ್ನಿನ ರಚನೆ ಬಿಡಿಸಿ ನೊಬೆಲ್ ಪಡೆದ ಮ್ಯಾಕ್ಸ್ ಪೆರುಟ್ಸ್ ಶಿಬಿರದಲ್ಲಿದ್ದವರು. ಬಿಡುಗಡೆಯಾದ ಮೇಲೆ ಮಂಜುಗಡ್ಡೆಯಿಂದ ವಿಮಾನವಾಹಕ ಕಟ್ಟುವ ವಿಚಿತ್ರ ಯೋಜನೆಯೊಂದಕ್ಕೆ ಅವರನ್ನೇ ಕರೆದರು. ಹರ್ಮನ್ ಬಾಂಡಿ, ಥಾಮಸ್ ಗೋಲ್ಡ್ ಇಬ್ಬರೂ ಶಿಬಿರದಿಂದ ಹೊರಬಂದು ನೌಕಾದಳದ ರೇಡಾರ್ ಸಂಶೋಧನೆಗೇ ಸೇರಿದರು, ಅಂದರೆ ರೇಡಾರಿನ ಬಾಗಿಲೂ ತೆರೆಯತೊಡಗಿತ್ತು. ಜರ್ಮನ್ ಕಮ್ಯುನಿಸ್ಟನಾಗಿದ್ದ ಕ್ಲಾಸ್ ಫುಕ್ಸ್ ಎಂಬ ತರುಣ ಎಡಿನ್‌ಬರೊದಿಂದ ಶಿಬಿರಕ್ಕೆ, ಅಲ್ಲಿಂದ ಕೆನಡಾಕ್ಕೆ ಹೋಗಿ, ಮರಳಿ ಬಂದು, 1941ರ ಮೇ ತಿಂಗಳಲ್ಲಿ ಪೈಯರ್ಲ್ಸ್ ಜೊತೆ ಕೆಲಸಕ್ಕೆ ನಿಂತ. ಅಮೆರಿಕ ಬಾಂಬು ತಯಾರಿಸಿದ ಪ್ರಯೋಗಾಲಯವಾದ ಲಾಸ್ ಅಲಾಮಾಸ್‌ನಲ್ಲಿ ಕಂಡದ್ದನ್ನೆಲ್ಲ ಸೋವಿಯತ್ ಒಕ್ಕೂಟಕ್ಕೆ ಒಪ್ಪಿಸಿದ್ದಕ್ಕಾಗಿ 1950ರಲ್ಲಿ ಅವನಿಗೆ 14 ವರ್ಷ ಜೈಲಾಯಿತು. ಆದ್ದರಿಂದ ವಲಸಿಗರ ಬಗ್ಗೆ ಅಧಿಕಾರಿಗಳಿಗಿದ್ದ ಶಂಕೆ ಬರೀ ಮೂರ್ಖತನವೆಂದು ನಾನು ಹೇಳುವುದಿಲ್ಲ. ಶಂಕೆ ಹೋದ ದಿಕ್ಕು ಮಾತ್ರ ತಪ್ಪು: ಅವರು ಹುಡುಕುತ್ತಿದ್ದದ್ದು ಹಿಟ್ಲರನ ಗೂಢಚಾರರನ್ನು, ಇದ್ದವನು ಸ್ಟಾಲಿನ್ನನ ಪರವಾಗಿದ್ದ.

ಅಮೆರಿಕದಲ್ಲಿಯೂ ಇದೇ ಇಬ್ಬಂದಿ. ಹಂಗೇರಿಯ ಲಿಯೊ ಸಿಲಾರ್ಡ್ ಸರಪಳಿ ಕ್ರಿಯೆಯ ಕಲ್ಪನೆಗೆ 1934ರಷ್ಟು ಹಿಂದೆಯೇ ಪೇಟೆಂಟಿಗೆ ಅರ್ಜಿ ಹಾಕಿದವರು; 1939ರ ಆಗಸ್ಟ್ 2ರ ದಿನಾಂಕವಿರುವ, ರೂಸ್‌ವೆಲ್ಟರಿಗೆ ಬರೆದ ಪ್ರಸಿದ್ಧ ಪತ್ರಕ್ಕೆ ಐನ್‌ಸ್ಟೈನ್ ಸಹಿ ಹಾಕುವಂತೆ ಮಾಡಿದವರೂ ಅವರೇ. ಆದರೆ ಆ ಐನ್‌ಸ್ಟೈನರನ್ನೇ ಅಮೆರಿಕದ ಸೇನೆ ಬಾಂಬಿನ ಕೆಲಸಕ್ಕೆ ಯೋಗ್ಯರಲ್ಲವೆಂದು ದೂರವಿಟ್ಟಿತು, ಸಿಲಾರ್ಡರನ್ನು ಶತ್ರುದೇಶದವನೆಂದು ಬಂಧಿಸಿಡಲು ಬಾಂಬಿನ ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್ 1942ರಲ್ಲಿ ಕರಡು ಪತ್ರವನ್ನೇ ಸಿದ್ಧಪಡಿಸಿದ್ದರು. ಟ್ಯೂಬಿಂಗೆನ್‌ನಿಂದ ಹೊರದೂಡಲ್ಪಟ್ಟು ಕಾರ್ನೆಲ್‌ಗೆ ಬಂದಿದ್ದ ಹಾನ್ಸ್ ಬೆಥೆ, ಗುಂಡು ಉಕ್ಕಿನ ಕವಚವನ್ನು ತೂರುವ ಬಗೆಯ ಮೇಲೆ ತಮ್ಮಷ್ಟಕ್ಕೆ ಒಂದು ಪ್ರಬಂಧ ಬರೆದು ಸೇನೆಗೆ ಕೊಟ್ಟರು. ಅದನ್ನು ಸೇನೆ ರಹಸ್ಯವೆಂದು ಮುದ್ರೆಯೊತ್ತಿತು. ಬೆಥೆ ಇನ್ನೂ ಪೌರತ್ವ ಪಡೆದಿರದ ಕಾರಣ ತಮ್ಮದೇ ಪ್ರಬಂಧವನ್ನು ಓದುವ ಅಧಿಕಾರ ಅವರಿಗಿರಲಿಲ್ಲವಂತೆ. ಎರಡು ಮೂರು ವರ್ಷಗಳಲ್ಲಿ ಅದೇ ಬೆಥೆ ಲಾಸ್ ಅಲಾಮಾಸ್‌ನ ಸೈದ್ಧಾಂತಿಕ ವಿಭಾಗದ ಮುಖ್ಯಸ್ಥರಾದರು.

ನಿಮ್ಮ ಮೂರನೆಯ ಪ್ರಶ್ನೆಗೆ, ಅಂದರೆ ಜರ್ಮನಿಯ ವಿಷಯಕ್ಕೆ, ಸಿಲಾರ್ಡರ ಕೆಲಸದಲ್ಲಿಯೇ ಒಂದು ಅರ್ಧ ಉತ್ತರವಿದೆ. ಸರಪಳಿ ಕ್ರಿಯೆಯನ್ನು ಹತೋಟಿಯಲ್ಲಿಡುವ ರಿಯಾಕ್ಟರ್ ನಡೆಸಲು ನ್ಯೂಟ್ರಾನುಗಳ ವೇಗ ತಗ್ಗಿಸುವ ವಸ್ತು ಬೇಕು; ಅಗ್ಗದ ವಸ್ತುವೆಂದರೆ ಗ್ರಾಫೈಟ್. ಮಾರುಕಟ್ಟೆಯ ಗ್ರಾಫೈಟಿನಲ್ಲಿ ಬೋರಾನ್ ಕಲ್ಮಶವಿರಬಹುದೆಂದೂ, ಬೋರಾನ್ ಒಂದಿಷ್ಟಿದ್ದರೂ ನ್ಯೂಟ್ರಾನುಗಳನ್ನು ಹೀರಿಬಿಡುತ್ತದೆಂದೂ ಸಿಲಾರ್ಡ್ ಊಹಿಸಿ, ಗ್ರಾಫೈಟ್ ತಯಾರಕರ ಬೆನ್ನು ಹತ್ತಿ ಶುದ್ಧವಾದದ್ದನ್ನು ಮಾಡಿಸಿದರು. ಮುಸೊಲಿನಿಯ ಜನಾಂಗೀಯ ಕಾಯಿದೆಗಳಿಂದಾಗಿ, ಯೆಹೂದಿ ಮೂಲದ ಹೆಂಡತಿಯೊಡನೆ ಇಟಲಿ ಬಿಟ್ಟು ಬಂದಿದ್ದ ಎನ್ರಿಕೊ ಫರ್ಮಿ 1940ರಲ್ಲಿ ಅದನ್ನು ಅಳೆದು ಇದು ಪ್ರಯೋಜನಕ್ಕೆ ಬರುತ್ತದೆಂದು ಕಂಡರು. ಫಲಿತಾಂಶವನ್ನು ಪ್ರಕಟಿಸಬೇಡಿ ಎಂದು ಸಿಲಾರ್ಡ್ ಪಟ್ಟು ಹಿಡಿದರು. ವಿಜ್ಞಾನದಲ್ಲಿ ಬಚ್ಚಿಡುವುದೆಂದರೆ ಫರ್ಮಿಗೆ ಹಿಡಿಸದ ಮಾತು, ಆದರೂ ಒಪ್ಪಿದರು. ಮುಂದಿನ ವರ್ಷ ಜರ್ಮನಿಯಲ್ಲಿ ವಾಲ್ಟರ್ ಬೋಥೆ ಗ್ರಾಫೈಟನ್ನು ಅಳೆದಾಗ ಅದು ನ್ಯೂಟ್ರಾನುಗಳನ್ನು ಹೆಚ್ಚಾಗಿ ಹೀರುತ್ತದೆಂಬ ಫಲಿತಾಂಶ ಬಂತು. ಕಲ್ಮಶದ ಸಂಶಯ ಅಲ್ಲಿಯೂ ಕೆಲವರಿಗಿತ್ತು, ಆದರೆ ಜರ್ಮನ್ ಯೋಜನೆ ನಾರ್ವೆಯ ಭಾರಜಲವನ್ನೇ ನೆಚ್ಚಿಕೊಂಡಿತು. ಆ ಭಾರಜಲ ಕೊನೆಯವರೆಗೂ ಸಾಕಷ್ಟು ಸಿಗಲಿಲ್ಲ. ಇತ್ತ ಷಿಕಾಗೊದಲ್ಲಿ ಸುಮಾರು 350 ಟನ್ ಗ್ರಾಫೈಟ್ ಜೋಡಿಸಿ ಫರ್ಮಿ 1942ರ ಡಿಸೆಂಬರ್ 2ರಂದು ಸರಪಳಿ ಕ್ರಿಯೆ ನಡೆಸಿದರು. ಪ್ರಕಟಿಸದೆ ಉಳಿದ ಒಂದು ಅಳತೆ ಯುದ್ಧದಲ್ಲಿ ಇಷ್ಟು ಕೆಲಸ ಮಾಡಿದ ಉದಾಹರಣೆ ಇನ್ನೊಂದು ನನಗೆ ನೆನಪಾಗುವುದಿಲ್ಲ.

ಹಾಗೆಂದು, ಓಡಿಸದೆ ಇದ್ದಿದ್ದರೆ ಹಿಟ್ಲರನಿಗೆ ಬಾಂಬು ಸಿಗುತ್ತಿತ್ತು ಎಂಬ ಜನಪ್ರಿಯ ಮಾತನ್ನು ನಾನು ಒಪ್ಪುವುದಿಲ್ಲ. ಬಾಂಬು ಮಾಡಿದ್ದು ಬರೀ ಬುದ್ಧಿಯಲ್ಲ. ಅಮೆರಿಕ ಅದಕ್ಕೆ ಸುಮಾರು 200 ಕೋಟಿ ಡಾಲರ್ ಸುರಿಯಿತು, ಲಕ್ಷಕ್ಕೂ ಹೆಚ್ಚು ಜನರನ್ನು ದುಡಿಸಿತು, ಮತ್ತು ಅದರ ಕಾರ್ಖಾನೆಗಳ ಮೇಲೆ ಯಾರೂ ಬಾಂಬು ಹಾಕುತ್ತಿರಲಿಲ್ಲ. ಜರ್ಮನಿಗೆ ಈ ಮೂರೂ ಇರಲಿಲ್ಲ. ಮೇಲಾಗಿ ಜರ್ಮನಿಯಲ್ಲಿ ಹೈಸನ್‌ಬರ್ಗ್, ಹಾನ್, ಬೋಥೆಯಂಥವರು ಉಳಿದಿದ್ದರು. ಅಲ್ಲಿ ಬುದ್ಧಿಗೆ ಬರವೇನೂ ಬಂದಿರಲಿಲ್ಲ. ಕೊರತೆಯಾದದ್ದು ಬೇರೆ. 1945ರ ಆಗಸ್ಟ್ 6ರ ಸಂಜೆ ಕೇಂಬ್ರಿಡ್ಜ್ ಹತ್ತಿರದ ಫಾರ್ಮ್ ಹಾಲ್ ಎಂಬ ಮನೆಯಲ್ಲಿ ಬಂಧಿಗಳಾಗಿದ್ದ ಹತ್ತು ಜರ್ಮನ್ ವಿಜ್ಞಾನಿಗಳು ಹಿರೋಷಿಮಾದ ಸುದ್ದಿ ಕೇಳಿದಾಗ ಆಡಿದ ಮಾತುಗಳನ್ನು ಬ್ರಿಟಿಷರು ಬಚ್ಚಿಟ್ಟ ಮೈಕುಗಳಿಂದ ದಾಖಲಿಸಿದರು. ಹೈಸನ್‌ಬರ್ಗ್ ಮೊದಲು ನಂಬಲೇ ಇಲ್ಲ. ಬಾಂಬಿಗೆ ಎಷ್ಟು 235 ಬೇಕೆಂದು ಆ ರಾತ್ರಿ ಅವರು ಹೇಳಿದ ಅಂದಾಜು ಟನ್ನಿನ ಲೆಕ್ಕದಲ್ಲಿತ್ತು. ಸುಮಾರು ಒಂದು ವಾರ ಕಳೆದು ಸಹಬಂಧಿಗಳಿಗೆ ಉಪನ್ಯಾಸ ಕೊಡುವ ಹೊತ್ತಿಗೆ ಲೆಕ್ಕವನ್ನು ಸರಿಪಡಿಸಿಕೊಂಡಿದ್ದರು. ಅಂದರೆ, ಆ ಲೆಕ್ಕ ಅವರ ಸಾಮರ್ಥ್ಯ ಮೀರಿದ್ದಲ್ಲ. ಬರ್ಮಿಂಗ್‌ಹ್ಯಾಂನಲ್ಲಿ ಇಬ್ಬರು ಐದು ವರ್ಷ ಮೊದಲು ಕೂತು ಕೇಳಿಕೊಂಡ ಪ್ರಶ್ನೆಯನ್ನು ಅವರು ಅಷ್ಟು ತೀವ್ರವಾಗಿ ಕೇಳಿಕೊಂಡಿರಲಿಲ್ಲ. ಆ ತೀವ್ರತೆ ವಲಸಿಗರಿಗೆ ಬಂದದ್ದು ಭಯದಿಂದ. ಎದುರು ಪಕ್ಷದಲ್ಲಿರುವ ಹೈಸನ್‌ಬರ್ಗ್ ಎಂಥ ಬುದ್ಧಿವಂತರೆಂಬುದು ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ, ಜೊತೆಗೆ ಕೂತು ಕಲಿತು ತಿಳಿದದ್ದು. ಪೈಯರ್ಲ್ಸ್ ಹೈಸನ್‌ಬರ್ಗರ ಶಿಷ್ಯರೇ ಆಗಿದ್ದವರು.

ಹಾಗಾದರೆ ಇವರಿಲ್ಲದೆ ಬಾಂಬು ಆಗುತ್ತಿತ್ತೇ? ಇಂದಲ್ಲ ನಾಳೆ ಆಗುತ್ತಿತ್ತು; 1945ರ ಆಗಸ್ಟಿಗೆ ಆಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಫ್ರಿಶ್–ಪೈಯರ್ಲ್ಸ್ ಟಿಪ್ಪಣಿಯಿಂದ ಹೊರಟ ಮಾಡ್ ಸಮಿತಿಯ ವರದಿ 1941ರ ಜುಲೈನಲ್ಲಿ, 11 ಕಿಲೋದಷ್ಟು 235ರಿಂದ 1,800 ಟನ್ ಟಿಎನ್‌ಟಿಗೆ ಸಮನಾದ ಬಾಂಬು ಸಾಧ್ಯವೆಂದು ಹೇಳಿತು. ಅದನ್ನು ಅಮೆರಿಕಕ್ಕೆ ಕಳಿಸಿದರೆ ಅಲ್ಲಿನ ಯುರೇನಿಯಂ ಸಮಿತಿಯ ಮುಖ್ಯಸ್ಥರು ಯಾರಿಗೂ ತೋರಿಸದೆ ತಿಜೋರಿಯಲ್ಲಿ ಬೀಗ ಹಾಕಿ ಇಟ್ಟಿದ್ದರು. ಓಲಿಫಂಟ್ ಆಗಸ್ಟಿನಲ್ಲಿ ಅಲ್ಲಿಗೆ ಹೋಗಿ ಇದನ್ನು ಕಂಡು ಕೆರಳಿ, ಅಮೆರಿಕದ ಭೌತವಿಜ್ಞಾನಿ ಲಾರೆನ್ಸ್ ಮುಂತಾದವರ ಬಳಿ ಹೋಗಿ ಬಾಂಬಿನ ಮಾತನ್ನು ನೇರವಾಗಿ ಆಡಿದ ಮೇಲೆಯೇ ಅಮೆರಿಕದ ಕೆಲಸ ವೇಗ ಹಿಡಿದದ್ದು. ಈ ವರದಿಯಿಲ್ಲದೆ ಆ ನಿರ್ಧಾರ ಒಂದೆರಡು ವರ್ಷ ತಡವಾಗಿದ್ದರೆ ಯುದ್ಧ ಅಷ್ಟರಲ್ಲಿ ಮುಗಿದುಹೋಗುತ್ತಿತ್ತು. ವಿಪರ್ಯಾಸವೆಂದರೆ, ಯಾವ ಜರ್ಮನಿಯ ಭಯದಿಂದ ಇವರು ಹೊರಟರೋ ಅದು ಬಾಂಬು ಸಿದ್ಧವಾಗುವ ಮೊದಲೇ ಶರಣಾಯಿತು. ಜರ್ಮನಿಯಲ್ಲಿ ಬಾಂಬಿಲ್ಲವೆಂದು ಖಚಿತವಾಗುತ್ತಿದ್ದಂತೆ, 1944ರ ಕೊನೆಯಲ್ಲಿ, ಪೋಲೆಂಡಿನ ಜೋಸೆಫ್ ರಾಟ್‌ಬ್ಲಾಟ್ ಲಾಸ್ ಅಲಾಮಾಸ್ ಬಿಟ್ಟು ಹೊರಟರು. 1945ರ ಜೂನಿನಲ್ಲಿ ಜೇಮ್ಸ್ ಫ್ರಾಂಕ್ ಮುಖ್ಯಸ್ಥಿಕೆಯ ಸಮಿತಿ, ಎಚ್ಚರಿಕೆ ಕೊಡದೆ ಜಪಾನಿನ ಮೇಲೆ ಬಾಂಬು ಹಾಕಬಾರದೆಂದು ವರದಿ ಬರೆಯಿತು. 1933ರಲ್ಲಿ ವಿನಾಯಿತಿ ಬೇಡವೆಂದಿದ್ದ ಅದೇ ಫ್ರಾಂಕ್. ಉಳಿದ ಬಹುಮಂದಿ ಕೊನೆಯವರೆಗೂ ಕೆಲಸ ಮಾಡಿದರು. ಫ್ರಿಶ್ ಲಾಸ್ ಅಲಾಮಾಸ್‌ನಲ್ಲಿ ತಮ್ಮ 600 ಗ್ರಾಮಿನ ತಪ್ಪನ್ನು, ನಿಜವಾದ ಯುರೇನಿಯಮ್ಮಿನ ಇಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ, ಸ್ವತಃ ಅಳೆದು ತಿದ್ದಿದರು.

ಕೊನೆಯದಾಗಿ ಮ್ಯಾಕ್ಸ್ ಬಾರ್ನ್. ನೀವು ಕೇಳಿದ್ದು ನಿಜ. ಕೇಂಬ್ರಿಡ್ಜಿನಲ್ಲಿ ತಾತ್ಕಾಲಿಕ ಹುದ್ದೆಯಲ್ಲಿದ್ದ ಬಾರ್ನರನ್ನು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಆಹ್ವಾನಿಸಿದರು, 1935–36ರ ಸುಮಾರು ಆರು ತಿಂಗಳು ಬಾರ್ನ್ ದಂಪತಿ ಬೆಂಗಳೂರಿನಲ್ಲಿದ್ದರು. ನಾಗೇಂದ್ರನಾಥ್ ಎಂಬ ಯುವ ಸಂಶೋಧಕರೊಡನೆ ಅವರು ಜಂಟಿಯಾಗಿ ಪ್ರಬಂಧಗಳನ್ನೂ ಪ್ರಕಟಿಸಿದರು. ಅವರನ್ನು ಇಲ್ಲಿಯೇ ಕಾಯಂ ಪ್ರಾಧ್ಯಾಪಕರನ್ನಾಗಿ ಮಾಡಿಕೊಳ್ಳಬೇಕೆಂದು ರಾಮನ್ ಹಟ ಹಿಡಿದರು. ಅದರ ಚರ್ಚೆಗೆ ಸೇರಿದ ಅಧ್ಯಾಪಕರ ಸಭೆಯಲ್ಲಿ ಬಾರ್ನ್ ಕೂಡ ಕೂತಿದ್ದರು. ರಾಮನ್ ಬಾರ್ನರನ್ನು ಹೊಗಳಿ ಮಾತು ಮುಗಿಸಿದ ಮೇಲೆ, ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದು, ತನ್ನ ದೇಶದಿಂದ ಹೊರದೂಡಿಸಿಕೊಂಡ ಎರಡನೆಯ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತನ್ನು ಅವರೆದುರಿಗೇ ಆಡಿದರು. ಬಾರ್ನ್ ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟರೆಂದು ಅವರೇ ಬರೆದುಕೊಂಡಿದ್ದಾರೆ. ಹುದ್ದೆ ಕೂಡಿಬರಲಿಲ್ಲ, 1936ರ ಶರತ್ಕಾಲದಲ್ಲಿ ಅವರು ಎಡಿನ್‌ಬರೊದಲ್ಲಿ ಪ್ರಾಧ್ಯಾಪಕರಾದರು. ಮರುವರ್ಷ ಅವರ ಬಳಿ ಸಂಶೋಧನೆಗೆ ಬಂದು ಸೇರಿದವನು, ಮೇಲೆ ಹೇಳಿದ ಕ್ಲಾಸ್ ಫುಕ್ಸ್. ಗಟಿಂಗೆನ್‌ನಲ್ಲಿ ಬಾರ್ನರ ಕೈಕೆಳಗೆ ಡಾಕ್ಟರೇಟ್ ಪಡೆದಿದ್ದ ಓಪನ್‌ಹೈಮರ್ ಲಾಸ್ ಅಲಾಮಾಸ್‌ನ ನಿರ್ದೇಶಕರಾದರು. ಶಿಷ್ಯರು ಹೀಗೆ ಆ ಕೆಲಸದ ತುಂಬ ಹರಡಿದ್ದರೂ ಬಾರ್ನ್ ಮಾತ್ರ ಅದರಲ್ಲಿ ಕೈಹಾಕಲಿಲ್ಲ, ಮತ್ತು ಯುದ್ಧ ಮುಗಿಯುವವರೆಗೂ ಎಡಿನ್‌ಬರೊದಲ್ಲಿ ಪಾಠ ಹೇಳುತ್ತಲೇ ಇದ್ದರು.